ಭೈರಮ್ಮನ ತೋಟ ಮತ್ತು ಫುಲ್ ಫ್ರೇಮ್

ಸೆನ್ಸರಿನ ಅಳತೆಯಿಂದ ಏನೂ ಆಗುವುದಿಲ್ಲ ಎಂದು ತಿಮ್ಮರಾಜು ಕನ್ನಡಿಯೊಳಗಿನ ನೊರೆಮುಖಕ್ಕೆ ಇನ್ನೊಮ್ಮೆ ಹೇಳಿ ನೋಡಿದ. ಮುಖ ಒಪ್ಪಿದ ಹಾಗೆ ಕಾಣಲಿಲ್ಲ. ಎಡಗೆನ್ನೆ ಮುಗಿದಿತ್ತು, ಬಲಗೆನ್ನೆಯ ಮೇಲೆ ಸೋಪು ಒಣಗಿ ಬಿರುಕು ಬಿಡುತ್ತಿತ್ತು, ಬ್ಲೇಡು ಗಾಳಿಯಲ್ಲೇ ನಿಂತಿತ್ತು. ಬೆಳಕಿದೆ, ಲೆನ್ಸಿದೆ, ನಿಲ್ಲುವ ಜಾಗವಿದೆ, ಕಾಯುವ ತಾಳ್ಮೆಯಿದೆ. ಇಷ್ಟೆಲ್ಲ ಇರುವಾಗ ಕ್ಯಾಮರಾದ ಹೊಟ್ಟೆಯೊಳಗಿನ ತಟ್ಟೆ ಬೆರಳಗಲ ಇದ್ದರೇನು, ಅಂಗೈಯಗಲ ಇದ್ದರೇನು. ವಾಕ್ಯ ಚೆನ್ನಾಗಿತ್ತು. ತೀರ ಚೆನ್ನಾಗಿತ್ತು, ಹಿಂದಿನ ವರ್ಷ ತಿಪಟೂರಿನ ಛಾಯಾಗ್ರಾಹಕರ ಕೂಟದಲ್ಲಿ ಇದನ್ನೇ ಹೇಳಿ ಅವನು ಚಪ್ಪಾಳೆ ಗಿಟ್ಟಿಸಿದ್ದ. ಚಪ್ಪಾಳೆ ಬಿದ್ದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಬೀಗರಿಗೆ ಕೊಟ್ಟ ಉಡುಗೊರೆಯನ್ನು ವಾಪಸು ಕೇಳಿದ ಹಾಗೆ.

"ಯಾರ ಹತ್ರ ಮಾತು?" ಎಂದು ಹೆಂಡತಿ ಪದ್ಮಶ್ರೀ ಅಡುಗೆಮನೆಯಿಂದ ಕೇಳಿದಳು.

"ಯಾರೂ ಇಲ್ಲ."

"ಯಾರೂ ಇಲ್ದೆ ಇದ್ರೂ ನೀವೇ ಸೋಲ್ತಿದೀರಲ್ರೀ. ದನಿ ಕೇಳಿದ್ರೇ ಗೊತ್ತಾಗುತ್ತೆ."

ಅವನು ಬಲಗೆನ್ನೆಗೆ ಮತ್ತೆ ನೀರು ಹಚ್ಚಿದ. ಇವತ್ತು ಮಾಡಿಯೇ ತೀರುವುದು ಎಂದುಕೊಂಡ. ಇಷ್ಟು ವರ್ಷ ಮಾಡದೆ ಇದ್ದದ್ದನ್ನು ಇವತ್ತು ಸಾಯಂಕಾಲ, ಬಿಸಿಲು ಓರೆಯಾದ ಮೇಲೆ, ದಬ್ಬೇಘಟ್ಟದ ಆಚೆ ಇರುವ ಸೋದರತ್ತೆಯ ಊರಿನ ಕೆರೆ ಏರಿಯ ಮೇಲೆ ನಿಂತು, ಅವಳ ತೋಟಕ್ಕೆ ಕ್ಯಾಮರಾ ಹಿಡಿದು ಮಾಡುವುದು. ಇದರಲ್ಲಿ ಹೆದರುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದ್ದರೆ ಅವನ ಬಳಿ ಇದ್ದ ಉತ್ತರ ತುರುವೇಕೆರೆಯ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರೊಬ್ಬ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ.

ಫಿಲ್ಮು ಇರುತ್ತಿದ್ದ ಜಾಗದಲ್ಲಿ ಈಗಿನ ಕ್ಯಾಮರಾಗಳಲ್ಲಿ ಸೆನ್ಸರ್ ಎಂಬ ತಟ್ಟೆ ಇರುತ್ತದೆ. ಬೆಳಕು ಬಂದು ಕೂರುವುದು ಅದರ ಮೇಲೆ. ತಿಮ್ಮರಾಜುವಿನ ಕ್ಯಾಮರಾದ ತಟ್ಟೆ ಸಣ್ಣ ಅಂಚೆಚೀಟಿಯಷ್ಟು. ತಿಪಟೂರಿನ ಕೊಬ್ಬರಿ ಮಂಡಿಯ ತೋಂಟದಾರ್ಯ ಯುಗಾದಿಗೆ ತರಿಸಿಕೊಂಡ ಹೊಸ ಕ್ಯಾಮರಾದ್ದು ಹಳೆಯ ಫಿಲ್ಮಿನ ಚೌಕದಷ್ಟೇ ಅಗಲ, ಅದಕ್ಕೇ ಅದನ್ನು ಫುಲ್ ಫ್ರೇಮ್ ಎನ್ನುತ್ತಾರೆ. ಎರಡು ಸಾವಿರದ ಏಳನೇ ಇಸವಿಯ ಆ ದಿನಗಳಲ್ಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕು ಸೇರಿಸಿದರೂ ಈ ವ್ಯತ್ಯಾಸ ಗೊತ್ತಿದ್ದವರು ಒಂದು ಮಾರುತಿ ವ್ಯಾನಿನಲ್ಲಿ ಹಿಡಿಸುತ್ತಿದ್ದರು; ಹಿಡಿಸಿದ ಮೇಲೆ ಜಗಳವನ್ನೂ ಆಡುತ್ತಿದ್ದರು. ಮದುವೆ ತೆಗೆಯುವವರಿಗೆ ಅಳತೆ ಬೇಕು, ಒಪ್ಪಿದೆ, ಛತ್ರಗಳಲ್ಲಿ ಕತ್ತಲೆ. ಆದರೆ ಲ್ಯಾಂಡ್‌ಸ್ಕೇಪಿಗೆ? ಬಯಲು ಎಲ್ಲಿಗೂ ಓಡಿಹೋಗುವುದಿಲ್ಲ, ಸ್ಟ್ಯಾಂಡಿನ ಮೇಲೆ ಕ್ಯಾಮರಾ ಕೂರಿಸಿ ಎಷ್ಟು ಹೊತ್ತು ಬೇಕಾದರೂ ಬೆಳಕು ಉಣಿಸಬಹುದು, ಎನ್ನುವುದು ತಿಮ್ಮರಾಜುವಿನ ವಾದ. "ನಿಮ್ ಬಯಲು ಓಡಲ್ಲ ಮೇಷ್ಟ್ರೇ, ನಮ್ ತೆಂಗಿನ ಗರಿ ನಿಲ್ಲಲ್ವಲ್ಲ," ಎನ್ನುವುದು ತೋಂಟದಾರ್ಯನ ವಾದ. ಮೇಷ್ಟ್ರ ಮರುವಾದ: ಗರಿ ನಿಲ್ಲದಿದ್ದರೆ ನಿನ್ನ ದೊಡ್ಡ ಕ್ಯಾಮರಾದಲ್ಲೂ ನಿಲ್ಲುವುದಿಲ್ಲ, ಹತ್ತಿರದ್ದು ದೂರದ್ದು ಎರಡೂ ಚೊಕ್ಕ ಬರಬೇಕೆಂದು ನೀನು ಬೆಳಕು ಒಳಬರುವ ಲೆನ್ಸಿನ ರಂಧ್ರ ಇನ್ನೂ ಕಿರಿದು ಮಾಡುತ್ತೀಯ, ಆಗ ಇನ್ನೂ ಹೊತ್ತು ಬೇಕು, ಇನ್ನೂ ಮಸುಕು. ಇದು ಸುಳ್ಳಲ್ಲ. ತಿಮ್ಮರಾಜು ವಾದದಲ್ಲಿ ಎಂದೂ ಸುಳ್ಳು ಹೇಳುತ್ತಿರಲಿಲ್ಲ. ನಿಜವನ್ನೇ ಆರಿಸಿ ಆರಿಸಿ ಹೇಳುತ್ತಿದ್ದ.

ಆರಿಸದೆ ಬಿಟ್ಟ ನಿಜ ಹೋದ ವಾರ ಸ್ಕೂಲಿನ ಕಂಪ್ಯೂಟರ್ ಕೋಣೆಯಲ್ಲಿ ಅವನೆದುರು ಕೂತಿತ್ತು. ತೋಂಟದಾರ್ಯ ಬೋರನಕಣಿವೆಯಲ್ಲಿ ತೆಗೆದ ಚಿತ್ರಗಳ ಸೀಡಿ ಕೊಟ್ಟಿದ್ದ. ನೀರಿನಾಚೆ ಬೆಟ್ಟದ ಬುಡದಲ್ಲಿ ಒಂದು ತೋಟ, ಅದರ ಅಡಿಯಲ್ಲಿ ನೆರಳು. ತಿಮ್ಮರಾಜು ಆ ನೆರಳನ್ನು ಹಿಗ್ಗಿಸುತ್ತ ಹೋದ. ಹಿಗ್ಗಿಸಿದಷ್ಟೂ ಅದರೊಳಗೆ ಏನಾದರೊಂದು ಇರುತ್ತಿತ್ತು: ಬಿದ್ದ ಸೋಗೆ, ಸೋಗೆಯ ಕಡ್ಡಿ, ಕಡ್ಡಿಯ ಮೇಲೆ ಒಣಗಹಾಕಿದ ಯಾರದೋ ಟವೆಲ್ಲು. ಆಮೇಲೆ ಅದೇ ಜಾಗದಿಂದ ಹಿಂದಿನ ಚಳಿಗಾಲ ತಾನು ತೆಗೆದದ್ದನ್ನು ಪಕ್ಕದಲ್ಲಿ ತೆರೆದ. ನೆರಳಿದ್ದ ಕಡೆ ಕಿವುಚಿದ ಹುಣಸೆಹಣ್ಣಿನಂಥದೊಂದು ಕಂದು ಮುದ್ದೆ. ಟವೆಲ್ಲಲ್ಲ, ಹೆಣ ಬಿದ್ದಿದ್ದರೂ ತಿಳಿಯುತ್ತಿರಲಿಲ್ಲ. ಕಂಪ್ಯೂಟರ್ ಮೇಷ್ಟ್ರು ಒಳಗೆ ಬಂದದ್ದು ಆಗಲೇ. "ಏನ್ಸಾರ್, ಎರಡೆರಡು ಫೋಟೋ?" "ವೈರಸ್ಸು ಕಣ್ರೀ," ಎಂದು ತಿಮ್ಮರಾಜು ಎರಡನ್ನೂ ಮುಚ್ಚಿದ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅವನನ್ನು ಕಾಡಿದ್ದು ಸೋಲಲ್ಲ, ಆ ಟವೆಲ್ಲು. ನೆರಳಿನಲ್ಲಿ ಒಣಗುತ್ತಿದ್ದ ಟವೆಲ್ಲನ್ನು ಕೂಡ ಬಿಡದ ಕಣ್ಣು.

ಕಣ್ಣು ಎನ್ನುವ ಮಾತು ಬಂದಾಗಲೆಲ್ಲ ಅವನ ಮನಸ್ಸು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಡೆಯುತ್ತದೆ. ಚಿಕ್ಕಂದಿನಲ್ಲಿ ಇದೇ ಸೋದರತ್ತೆ ಭೈರಮ್ಮ ತೋಟದೊಳಗೆ ಅವನ ಕೈಮೇಲೆ ಪಟ್ಟನೆ ಹೊಡೆದಿದ್ದಳು. "ಗೊನೆಗೆ ಬೆಳ್ಳು ಮಾಡ್ತಾರೇನ್ಲಾ? ಮಡಸ್ಲಾ ಬೆಳ್ಳಾ." ಎಳೆಕಾಯಿ ಕಚ್ಚುತ್ತಿರುವ ಗೊನೆಯ ಕಡೆ ನೆಟ್ಟಗೆ ಬೆರಳು ತೋರಿಸಿದರೆ ಕಾಯಿ ಉದುರುತ್ತದೆ, ತೋರಿಸಲೇಬೇಕಿದ್ದರೆ ಬೆರಳನ್ನು ಗೆಣ್ಣಿನ ಹತ್ತಿರ ಮಡಿಸಿ ತೋರಿಸಬೇಕು. ಅವನೀಗ ದೇವರಿಗೆ ಕೈಮುಗಿಯದವನು, ಹೈಸ್ಕೂಲಿನಲ್ಲಿ ಮೂಢನಂಬಿಕೆಯ ವಿರುದ್ಧ ಭಿತ್ತಿಚಿತ್ರ ಬರೆಸುವವನು, ಆದರೂ ಸಂತೆಯಲ್ಲಿ ಹೀರೇಕಾಯಿ ತೋರಿಸುವಾಗಲೂ ಬೆರಳು ತಾನಾಗಿ ಮಡಿಸಿಕೊಳ್ಳುತ್ತದೆ. ಬೆರಳನ್ನು ಮಡಿಸಬಹುದು, ಲೆನ್ಸನ್ನು ಮಡಿಸುವುದು ಹೇಗೆ?

ಹತ್ತು ವರ್ಷದ ಹಿಂದೆ ಹಾಗೆ ಕೇಳಿಕೊಳ್ಳುವಷ್ಟು ವಯಸ್ಸಾಗಿರಲಿಲ್ಲ. ತಿಪಟೂರಿನಲ್ಲಿ ಸ್ಟುಡಿಯೋ ಇಟ್ಟಿದ್ದ ಹನುಮಂತಯ್ಯನವರ ಎರಡು ಲೆನ್ಸಿನ ಹಳೇ ಕ್ಯಾಮರಾ ಎರವಲು ತಂದಿದ್ದ, ಡಬ್ಬದಂಥದು, ಮೇಲಿನಿಂದ ತಲೆ ಬಗ್ಗಿಸಿ ನೋಡಬೇಕು, ಒಂದೊಂದು ನೆಗೆಟಿವ್ವೂ ಅರ್ಧ ಅಂಗೈಯಷ್ಟು. ಏರಿಯ ಮೇಲೆ ನಿಂತರೆ ಕೆಳಗಿನ ಭೈರಮ್ಮನ ತೋಟದ ತಲೆಗಳು ಎದೆಮಟ್ಟಕ್ಕೆ ಬರುತ್ತವೆ. ತೂಬಿನ ಕಾಲುವೆ ತೋಟವನ್ನು ಸೀಳಿಕೊಂಡು ನೇರ ಹೋಗುತ್ತದೆ. ಕೆಲವು ಬೆಳಗ್ಗೆ ಸುಮ್ಮನೆ ಕಾದ, ಅತ್ತೆ ಏರಿಯ ಮೇಲಕ್ಕೇ ರೊಟ್ಟಿ ತಂದುಕೊಟ್ಟಳು, ಒಂದು ಬೆಳಗ್ಗೆ ಗಾಳಿ ಮರೆತು ಕೂತ ಒಂದು ಗಳಿಗೆಯಲ್ಲಿ ಗರಿಗಳೆಲ್ಲ ನಿಂತವು. ಆ ಚಿತ್ರಕ್ಕೆ ಬಹುಮಾನ ಬಂತು, ವರ್ತಕರ ಸಂಘದವರು ಕ್ಯಾಲೆಂಡರು ಮಾಡಿದರು, ಮೂರು ತಾಲ್ಲೂಕಿನ ಕ್ಷೌರದಂಗಡಿ, ರೇಷನ್ ಅಂಗಡಿ, ಮಂಡಿ ಎಲ್ಲ ಕಡೆ ಭೈರಮ್ಮನ ತೋಟ ಮೊಳೆಗೆ ತೂಗಿತು. ಗೊನೆಗಳನ್ನು ಎಣಿಸಬಹುದಿತ್ತು; ಕ್ಷೌರಕ್ಕೆ ಕೂತವರು ಎಣಿಸಿದರು. ಮುಂದಿನ ಬೇಸಿಗೆಗೆ ಅವಳ ತೋಟಕ್ಕೆ ನುಸಿ ಬಂತು. ಕಣ್ಣಿಗೆ ಕಾಣದ ಹುಳ, ತೊಟ್ಟಿನಡಿ ಕೂತು ರಸ ಹೀರುತ್ತದೆ, ಕಾಯಿ ಮೈಯೆಲ್ಲ ಕಂದು ಗಾಯವಾಗಿ ಮುದುಡಿ ಮಕ್ಕಳ ಮುಷ್ಟಿಯಷ್ಟಕ್ಕೆ ನಿಂತುಬಿಡುತ್ತದೆ. ಆಮೇಲೆ ಎಲ್ಲರ ತೋಟಕ್ಕೂ ಬಂತು, ಎರಡು ಮೂರು ಜಿಲ್ಲೆಗೇ ಬಂತು. ಆದರೆ ಆ ಊರಿನಲ್ಲಿ ಮೊದಲು ಬಂದದ್ದು ಭೈರಮ್ಮನದಕ್ಕೆ. ಯಾವುದೋ ಮದುವೆಯ ಪಂಕ್ತಿಯಲ್ಲಿ, ಪಾಯಸ ಬಡಿಸುತ್ತಿರುವಾಗ, ಅವಳು ಆ ಡಬ್ಬದ ಕ್ಯಾಮರಾ ನೆನೆದು ಸಿಟ್ಟಿಲ್ಲದೆ ಹೇಳಿದಳು: "ನಿನ್ ಕಣ್ಣಲ್ಲ ಬುಡು. ಅದ್ರುದು. ಎರಡಿದ್ವಲ್ಲ ಅದ್ಕೆ." ಅವನು ನಕ್ಕ. ಹುಳ ಗಾಳಿಯಲ್ಲಿ ಬರುತ್ತೆ ಅತ್ತೆ, ಕೇರಳದ ಕಡೆಯಿಂದ ಬಂದದ್ದು ಎಂದು ವಿವರಿಸಿದ. ಅವಳು "ಹೂಂಕಣಪ್ಪ" ಎಂದು ಪಾಯಸಕ್ಕೆ ಎಲೆ ತೋರಿಸಿದಳು.

ಆಮೇಲೆ ಅವನು ಹನುಮಂತಯ್ಯನವರ ಡಬ್ಬವನ್ನು ಕೇಳಲಿಲ್ಲ. ಆಮೇಲೆ ಕೊಂಡದ್ದೆಲ್ಲ ಸಣ್ಣ ಸಣ್ಣ ಕ್ಯಾಮರಾ. ಅತ್ತೆಯ ಊರಿಗೂ ಹೋಗಲಿಲ್ಲ. ಹೋಗದಿರುವುದಕ್ಕೆ ಪ್ರತಿವರ್ಷ ಒಂದು ಹೊಸ ಕಾರಣ ಸಿಗುತ್ತಿತ್ತು, ಮೇಷ್ಟ್ರಿಗೆ ಚುನಾವಣೆ, ಜನಗಣತಿ, ಎಸ್ಸೆಸ್ಸೆಲ್ಸಿ ಇಲ್ಲದ ವರ್ಷವೇ ಇಲ್ಲ. ಅವಳು ಮಾತ್ರ ದೀಪಾವಳಿಗೆ ದಬ್ಬೇಘಟ್ಟದ ಬಸ್ಸಿನ ಮೇಲೆ ಒಂದು ಚೀಲ ಕಾಯಿ ಹಾಕಿಸುವುದನ್ನು ನಿಲ್ಲಿಸಲಿಲ್ಲ. ಚೀಲ ಬಿಚ್ಚಿದರೆ ಗಾಯದ ಕಾಯಿಗಳು. ಅವು ಬರೀ ತೆಂಗಿನಕಾಯಿಗಳೋ ಅಥವಾ ಆಪಾದನೆಗಳೋ ತಿಳಿಯದೆ ಅವನಿಗೆ ಚಟ್ನಿ ತಿನ್ನುವಾಗ ಒಂಥರಾ ಆಗುತ್ತಿತ್ತು. ಅಳತೆಯಿಂದ ಏನೂ ಆಗುವುದಿಲ್ಲ ಎಂಬ ಅವನ ಪ್ರಸಿದ್ಧ ಸಿದ್ಧಾಂತ ಹುಟ್ಟಿದ್ದು ಈ ಚಟ್ನಿಯಲ್ಲಿ. ಅಳತೆಯಿಂದ ಏನೇನಾಗಿಬಿಡುತ್ತದೋ ಎಂದು ಹೆದರಿದವನಷ್ಟೇ ಅದನ್ನು ಅಷ್ಟು ಗಟ್ಟಿಯಾಗಿ ಹೇಳಬಲ್ಲ. ಇದು ಕೂಟದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇಬ್ಬರ ನಡುವಿನ ಈ ಸ್ಪರ್ಧೆಯ ಮಾತು ಎತ್ತಿದ್ದು ತೋಂಟದಾರ್ಯ. ಜಾಗ ಗೊತ್ತುಮಾಡಿದ್ದು ಈಗ ಕೂಟದ ಅಧ್ಯಕ್ಷರಾಗಿರುವ ಹನುಮಂತಯ್ಯ. ಅವರ ಒಂದು ಕಣ್ಣಿಗೆ ಪೊರೆ ತೆಗೆಸಿದ್ದಾರೆ, ಇನ್ನೊಂದಕ್ಕೆ ತೆಗೆಸಬೇಕು, ಹೀಗಾಗಿ ತೀರ್ಪುಗಾರರಾಗಿ ಎರಡೂ ಪಕ್ಷಕ್ಕೆ ಸಮ. "ಆ ಕ್ಯಾಲೆಂಡರಿನ ಜಾಗದಿಂದ್ಲೇ ತೆಗೀರಪ್ಪ," ಎಂದರು. "ಒಬ್ಬರ ಕ್ಯಾಮರಾ ಇನ್ನೊಬ್ಬರು ಹಿಡೀರಿ, ಅಭಿಮಾನದ ಮಾತು ಬೇಡ. ದೊಡ್ಡದಾಗಿ ಪ್ರಿಂಟು ಹಾಕ್ಸಿ ಹೆಸರಿಲ್ದೆ ಗೋಡೆಗೆ ತಗಲಾಕಾಣ. ಯಾವ್ದು ಯಾವ ಕ್ಯಾಮರಾದ್ದು ಅಂತ ಗೊತ್ತಾದ್ರೆ ಅಳತೆ ಮುಖ್ಯ, ಗೊತ್ತಾಗ್ಲಿಲ್ಲ ಅಂದ್ರೆ ಮೇಷ್ಟ್ರು ಗೆದ್ರು." ಹಾಗಾಗಿ ದೊಡ್ಡದನ್ನು ಅತ್ತೆಯ ತೋಟಕ್ಕೆ ಗುರಿ ಹಿಡಿಯುವುದು ತಿಮ್ಮರಾಜುವಿನ ಪಾಲಿಗೆ ಬಂತು. ಆಗುವುದಿಲ್ಲ ಎನ್ನಲು ಬಾಯಿ ತೆರೆದಿದ್ದ. ಯಾಕೆ ಎಂದು ಕೇಳಿದರೆ? ಬಾಯಿ ತೆರೆದದ್ದು ವ್ಯರ್ಥವಾಗಬಾರದೆಂದು ಆಕಳಿಸಿದ.

ಮಧ್ಯಾಹ್ನ ತೋಂಟದಾರ್ಯನ ವ್ಯಾನು ಬಂತು. ತಿಮ್ಮರಾಜು ಎಂದೂ ಇಲ್ಲದ ಚುರುಕಿನಿಂದ ಹತ್ತಿದ. ದಾರಿಯಲ್ಲಿ ತೋಂಟದಾರ್ಯ ಒಂದು ಕೈಯಲ್ಲಿ ಸ್ಟಿಯರಿಂಗು, ಇನ್ನೊಂದರಲ್ಲಿ ಕಡಲೆಕಾಯಿ ಹಿಡಿದು ಹೇಳುತ್ತಿದ್ದ: "ಮೇಷ್ಟ್ರೇ, ನಿಜ ಹೇಳ್ಲಾ? ನಮ್ಮಪ್ಪ ಕೊಬ್ಬರಿ ಉಂಡೆ ಕಿವಿ ಹತ್ರ ಅಲ್ಲಾಡ್ಸಿ ಇದು ಇಂತಾ ಊರ ಮಾಲು ಅನ್ನೋನು. ನನ್ಗೆ ಅದು ಬರಲ್ಲ. ನಾನು ಮಿಷಿನ್ನೇ ತೂಗ್ಲಿ ಅಂತ ಬಿಟ್ಟಿರೋನು. ಅದ್ಕೇ ದೊಡ್ಡದು ತಗೊಂಡೆ. ನಿಮ್ಗೆ ಕೈ ಐತೆ, ನಿಮ್ಗೆ ಸಣ್ಣದ್ರಲ್ಲೂ ನಡೀತದೆ." ಹೊಗಳಿಕೆ. ಇದನ್ನು ಸ್ವೀಕರಿಸುವುದಕ್ಕಿಂತ ಬೈಸಿಕೊಳ್ಳುವುದು ಸಲೀಸಾಗಿರುತ್ತಿತ್ತು. ಕಿಟಕಿಯಾಚೆ ತೋಟ ಮುಗಿದರೆ ತೋಟ, ನಡುವೆ ರಾಗಿ ಹೊಲದ ಒಂದು ಗೇಣು, ಮತ್ತೆ ತೋಟ. ಈ ಸೀಮೆಯಲ್ಲಿ ಲ್ಯಾಂಡ್‌ಸ್ಕೇಪ್ ತೆಗೆಯುತ್ತೇನೆಂದು ಹೊರಟವನಿಗೆ ಮೊದಲು ಸಿಗದಿರುವುದು ದಿಗಂತ. ಅದನ್ನು ನೋಡಬೇಕೆಂದರೆ ಏರಿಯನ್ನೋ ಗುಡ್ಡವನ್ನೋ ಹತ್ತಬೇಕು, ಹತ್ತಿದರೆ ಊರಿನವರಿಗೆಲ್ಲ ಕಾಣಬೇಕು.

ಕಂಡರು. ಅವರು ಏರಿಯ ಮೇಲೆ ಸ್ಟ್ಯಾಂಡುಗಳನ್ನು ಬಿಡಿಸಿ ಕೂರಿಸುವಷ್ಟರಲ್ಲಿ ಭೈರಮ್ಮ ತೂಬಿನ ಕಡೆಯಿಂದ ಹತ್ತಿ ಬರುತ್ತಿದ್ದಳು. ಸೆರಗು ಸೊಂಟಕ್ಕೆ ಬಿಗಿದಿದ್ದಳು. ಅವಳು ಚಿಕ್ಕವಳಾಗಿದ್ದಳು, ಅಂದರೆ ಅಳತೆಯಲ್ಲಿ. ಈ ಹತ್ತು ವರ್ಷದಲ್ಲಿ ಯಾರೋ ಅವಳನ್ನು ಸುತ್ತಲೂ ಸ್ವಲ್ಪ ಸ್ವಲ್ಪ ಕತ್ತರಿಸಿದ ಹಾಗೆ. ಹತ್ತಿರ ಬಂದು ಏದುಸಿರು ಇಳಿಯುವತನಕ ನಿಂತಳು. ನಂತರ ಇಬ್ಬರನ್ನೂ ಬಿಟ್ಟು ಕ್ಯಾಮರಾಗಳನ್ನು ನೋಡಿದಳು.

"ಮೇಷ್ಟ್ರಿಗೆ ದಾರಿ ಗೊತ್ತಾಯ್ತಾ?" ಎಂದಳು.

"ಬಂದೆ ಅತ್ತೆ."

"ಬಂದಿದೀಯ, ಕಾಣ್ತದೆ. ಮನೇಗ್ ಬರ್ದೆ ಸೀದಾ ಏರಿಗ್ ಬಂದಿದೀಯ. ಏರಿ ಏನ್ ನಿಮ್ಮತ್ತೇನಾ?"

ತೋಂಟದಾರ್ಯ ನಕ್ಕು ನಮಸ್ಕಾರ ಮಾಡಿದ. ತಿಮ್ಮರಾಜು ಕೆಳಗೆ ನೋಡಿದ. ತೋಟ ಚೇತರಿಸಿಕೊಂಡಿತ್ತು, ಪೂರ್ತಿಯಲ್ಲ, ಕೆಲವು ಮರಗಳ ತಲೆ ಇನ್ನೂ ಕೃಶವಾಗಿತ್ತು, ಆದರೆ ಸಾಲಿನ ನಡುವೆ ಹೊಸ ಸಸಿಗಳು ಆಳೆತ್ತರ ಬಂದಿದ್ದವು, ಅಂಚಿನ ಮರಗಳಲ್ಲಿ ಗೊನೆಗಳು ತುಂಬಿದ್ದವು. ಅದನ್ನು ಹೇಳಬೇಕೆನಿಸಿತು, ಆದರೆ ಚೆನ್ನಾಗಿದೆ ಎಂದರೆ ಅದೂ ಒಂದು ಕಣ್ಣು. ಬಿಸಿಲು ಓರೆಯಾಗಿ ಕಾಲುವೆಯ ನೀರಿಗೆ ಬೀಳಲು ಶುರುವಾಗಿತ್ತು. ಕೈ ಫುಲ್ ಫ್ರೇಮಿನ ಮೇಲಿತ್ತು. ತೂಕವಾದ, ತಣ್ಣಗಿನ ಮೈ. ಅದನ್ನು ಹಿಡಿದದ್ದು ತನ್ನ ಕೈ ಎಂದು ಅನಿಸುತ್ತಿರಲಿಲ್ಲ.

"ಇದ್ರಾಗೆ ಯಾವ್ದ್ಲಾ ದೊಡ್ದು?" ಭೈರಮ್ಮ ಕೇಳಿದಳು.

ಅವನು ಉತ್ತರಿಸುವ ಮೊದಲೇ ತೋಂಟದಾರ್ಯ ಉಮೇದಿನಿಂದ ಬಾಯಿ ಹಾಕಿದ. "ನಿಮ್ ಅಳಿಯ ದೊಡ್ಡದು ಚಿಕ್ಕದು ಎಲ್ಲಾ ಒಂದೇ ಅಂತಾರೆ ಕಣಮ್ಮ. ಕ್ಯಾಮರಾ ಅಳತೆಯಿಂದ ಏನೂ ಆಗಲ್ವಂತೆ. ಕೂಟದಾಗೆ ಭಾಷಣನೇ ಮಾಡವ್ರೆ. ಹೇಳಿ ಮೇಷ್ಟ್ರೇ."

ಹೇಳುವುದು ಎಷ್ಟು ಸುಲಭವಿತ್ತು. ಬೆಳಗ್ಗೆಯಿಂದ ಅದನ್ನೇ ಅಭ್ಯಾಸ ಮಾಡಿದ್ದ. ಏನೂ ಆಗಲ್ಲ ಅತ್ತೆ, ಎಲ್ಲಾ ಒಂದೇ. ಅವಳಿಗೆ ಸಮಾಧಾನವಾಗುತ್ತಿತ್ತು, ಅವನ ಸಿದ್ಧಾಂತವೂ ಉಳಿಯುತ್ತಿತ್ತು, ಸೂರ್ಯ ಮುಳುಗುವ ಮೊದಲು ಕೆಲಸವೂ ಮುಗಿಯುತ್ತಿತ್ತು. ಇಷ್ಟು ವರ್ಷ ಆ ಮಾತನ್ನು ಕಟ್ಟಿ, ಒರೆಸಿ, ಚಪ್ಪಾಳೆ ಹಾಕಿಸಿ ಇಟ್ಟುಕೊಂಡಿದ್ದು ಈ ಮುದುಕಿಯ ಮುಖಕ್ಕೆ ಹೇಳುವುದಕ್ಕೇ ಇರಬಹುದು ಎಂದೂ ಒಂದು ಕ್ಷಣ ಅನಿಸಿತು. ಅವಳು ಕಾಯುತ್ತಿದ್ದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು, ಕಣ್ಣಂಚಿನ ಒಂದೊಂದು ನೆರಿಗೆಯೂ ಬೇರೆಬೇರೆಯಾಗಿತ್ತು, ಎರಡೂ ಮೂಗುತಿಯ ಕಲ್ಲು ಮಾಸಿದ್ದವು. ಅವನು ಅವಳನ್ನು ಇಷ್ಟು ಹತ್ತಿರದಿಂದ ನೋಡಿ ಬಹಳ ಕಾಲವಾಗಿತ್ತು.

"ಇದು ದೊಡ್ದು," ಎಂದ, ತನ್ನ ಕೈ ಇದ್ದದ್ದನ್ನು ತೋರಿಸಿ. "ವ್ಯತ್ಯಾಸ ಆಯ್ತದೆ ಅತ್ತೆ. ದೊಡ್ಡದ್ರಾಗೆ ಜಾಸ್ತಿ ಕಾಣ್ತದೆ. ನೆಳ್ಳಾಗ್ ಇರೋದೂ ಕಾಣ್ತದೆ."

ತೋಂಟದಾರ್ಯ ಕಡಲೆಕಾಯಿ ಒಡೆಯುವುದನ್ನು ನಿಲ್ಲಿಸಿದ. ಗೆಲ್ಲಲೆಂದು ಬಂದವನಿಗೆ ಎದುರಿನವನು ಎದ್ದು ಕುರ್ಚಿಯನ್ನೇ ಕೊಟ್ಟ ಹಾಗಾಗಿತ್ತು. ಎಲ್ಲಿ ಕೂರುವುದು ಎಂದು ತಿಳಿಯದೆ ಕಾಲು ಬದಲಿಸಿ ನಿಂತ.

"ಆವತ್ತಿಂದು?" ಭೈರಮ್ಮ ಕೇಳಿದಳು.

"ಅದು ಇದಕ್ಕಿಂತ್ಲೂ ದೊಡ್ದು."

"ಅಂಗಾರೆ ನಾನೇಳಿದ್ದು ಸುಳ್ಳಲ್ಲ."

"ಅದು ನನಗ್ ಗೊತ್ತಿಲ್ಲ ಅತ್ತೆ. ನುಸಿ ಎಲ್ಲಾರ್ಗೂ ಬಂತು."

"ನಮ್ಗೆ ಮೊದ್ಲು ಬಂತು."

ಕೇರಳ, ಗಾಳಿ, ಹುಳದ ಇಂಗ್ಲಿಷ್ ಹೆಸರು, ಎಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಅವನು ಅವನ್ನು ಅಲ್ಲೇ ನಿಲ್ಲಿಸಿದ.

"ಹೂಂ ಅತ್ತೆ. ನಿಮ್ಗೆ ಮೊದ್ಲು ಬಂತು."

ಭೈರಮ್ಮ ತಲೆಯಾಡಿಸಿದಳು. ಬಹಳ ದಿನದಿಂದ ಕಚೇರಿಯಲ್ಲಿ ಬಿದ್ದಿದ್ದ ಕಾಗದಕ್ಕೆ ಕೊನೆಗೂ ಯಾರೋ ಸೀಲು ಒತ್ತಿದಾಗ ಜನ ತಲೆಯಾಡಿಸುತ್ತಾರಲ್ಲ, ಹಾಗೆ, ಖುಷಿಯಿಂದೇನಲ್ಲ. ಬಿಗಿದ ಸೆರಗನ್ನು ಇನ್ನೊಮ್ಮೆ ಬಿಗಿದು ತೂಬಿನ ಮೆಟ್ಟಿಲ ಕಡೆ ತಿರುಗಿದಳು.

"ಎಲ್ಲಿಗತ್ತೆ?"

"ಮುಂದ್ಗಡೆ ನಿಂತ್ಕತೀನಿ. ಕಣ್ಣು ಬೀಳೋದಿದ್ರೆ ಮೊದ್ಲು ನನ್ ಮ್ಯಾಲ್ ಬೀಳ್ಲಿ. ನಂಗ್ ಇನ್ಯಾವ ನುಸಿ ಬರ್ಬೇಕು."

ಅವಳು ಇಳಿದು ಕಾಲುವೆಯ ಬದುವಿನ ಮೇಲೆ ನಡೆಯತೊಡಗಿದಳು. ಎರಡೂ ಕಡೆ ಮರ, ನಡುವೆ ಬೆಳಕಿನ ಒಂದು ಓಣಿ, ಅದರಲ್ಲಿ ಅವಳ ಮಾಸಿದ ಹಸಿರು ಸೀರೆ ಚಿಕ್ಕದಾಗುತ್ತ ಹೋಯಿತು. ತೋಂಟದಾರ್ಯ ತಿಮ್ಮರಾಜುವಿನ ಸಣ್ಣ ಕ್ಯಾಮರಾಕ್ಕೆ ಕಣ್ಣಿಟ್ಟು ನೋಡಿ, ತೆಗೆದು, ಮೆಲ್ಲಗೆ ಹೇಳಿದ: "ಮೇಷ್ಟ್ರೇ, ಲ್ಯಾಂಡ್‌ಸ್ಕೇಪ್ ವಿಭಾಗದಾಗೆ ಜನ ಬರಂಗಿಲ್ಲ ಅಂತ ರೂಲ್ಸು ಮಾಡ್ದೋರು ನೀವೇ."

"ಹೂಂ."

"ಹನುಮಂತಯ್ಯನೋರು ತಗೊಳಲ್ಲ."

"ಅವ್ರ ಇಷ್ಟ."

"ಅಲ್ಲ, ನಂದ್ರಾಗೆ, ಅಂದ್ರೆ ನಿಮ್ದ್ರಾಗೆ, ಅಮ್ಮ ಒಂದ್ ಚುಕ್ಕಿ ತರ ಬತ್ತಾರೆ ಅಷ್ಟೆ."

"ಅದ್ಕೇ," ಎಂದ ತಿಮ್ಮರಾಜು, "ನಾನು ಇದ್ರಲ್ಲಿ ತೆಗೀತೀನಿ."

ಭೈರಮ್ಮ ನಿಂತಳು. ತಿರುಗಿದಳು. ಸೊಂಟಕ್ಕೆ ಕೈ ಕೊಟ್ಟಳು, ಬಸ್ಸು ನಿಲ್ಲಿಸದೆ ಹೋದ ಡ್ರೈವರನ್ನು ನೋಡುವ ಹಾಗೆ ಏರಿಯನ್ನು ನೋಡಿದಳು. ತಿಮ್ಮರಾಜು ಬಗ್ಗಿದ. ಹತ್ತಿರದ ಗರಿಯಿಂದ ದೂರದ ಗುಡ್ಡದತನಕ ಎಲ್ಲ ಚೊಕ್ಕ ಬರುವ ಹಾಗೆ ರಂಧ್ರ ಕಿರಿದು ಮಾಡಬೇಕು, ಅದೇ ಲ್ಯಾಂಡ್‌ಸ್ಕೇಪಿನ ಮೊದಲ ಪಾಠ, ಮಕ್ಕಳಿಗೆ ಅವನೇ ಹೇಳಿಕೊಡುವುದು. ಅವನು ಅಗಲ ಮಾಡಿದ. ಗುಡ್ಡ ಹೋಗಲಿ, ಗರಿ ಹೋಗಲಿ. ಫೋಕಸ್ಸನ್ನು ಅವಳ ಮೇಲೆ ತಂದು ನಿಲ್ಲಿಸಿದ. ಅಷ್ಟು ದೂರದಿಂದ ಅವಳ ಮುಖ ಕಣ್ಣಿಗೆ ಕಾಣುತ್ತಿರಲಿಲ್ಲ, ಆದರೆ ತಟ್ಟೆಯ ಮೇಲೆ ಅದು ಬಂದು ಕೂತಿರುತ್ತದೆ, ಹಿಗ್ಗಿಸಿದರೆ ಹುಬ್ಬು ಗಂಟಿಕ್ಕಿರುವುದು ಗೊತ್ತಾಗುತ್ತದೆ ಎಂದು ಅವನಿಗೆ ಖಚಿತವಿತ್ತು. ಕೈ ಈಗ ಅವನದಾಗಿತ್ತು. ಬೆರಳನ್ನು ನೆಟ್ಟಗೆ ಚಾಚಿ ಒತ್ತಿದ.

"ಆಯ್ತೇನ್ಲಾ?" ಕೆಳಗಿನಿಂದ ಕೂಗು ಬಂತು. "ಎಮ್ಮೆ ಕರೀಬೇಕು."

"ಇಲ್ಲ ಅತ್ತೆ, ಇನ್ನೊಂದು."

"ಇನ್ನೊಂದ್ಯಾಕೆ?"

"ಗಾಳಿ ಬಂತು. ಗರಿ ಅಲ್ಲಾಡ್ತು."

"ನಾನ್ ಅಲ್ಲಾಡಿದ್ನೇನ್ಲಾ?"

"ಇಲ್ಲ ಅತ್ತೆ," ಎಂದು ತಿಮ್ಮರಾಜು ಕೂಗಿ ಹೇಳಿದ, ಮತ್ತೆ ಬಗ್ಗಿದ.